ಗಾಡಿ ದಡಿ

ಇಳಕಲ್ ಸೀರೆ ಉಡುವವರಿಗೆ ಗಾಡಿ ದಡಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಿ, ಗೋಮಿ, ಜರಿ, ಗಾಡಿ ಎಂದು ನಮ್ಮೂರ ಸೀರೆಯ ದಡಿಗೆ ಹಲವು ಹೆಸರು. 2.5 ಇಂಚಿನಿಂದ 4 ಇಂಚಿನವರೆಗೆ ಅಗಲ. ಸೀರೆಯ ಒಡಲು ಹರಿದು ಜಾಳಾದರೂ ದಡಿ ಗಟ್ಟಿಯಾಗಿರುತ್ತದೆಂದು ಅದನ್ನು ಕತ್ತರಿಸಿ ಕೌದಿಯ ಅಂಚಿಗೋ ಚೀಲದ ಕಸಿಗೋ ಎತ್ತಿಡುವ ಹೆಂಗಸರು ನಾವು. ಆದರೆ ಈಗ ನಾನು ಹೇಳಹೊರಟದ್ದು ಆ ದಡಿಯ ಸಂಗತಿಯಲ್ಲ. ನಮ್ಮ ಮನೆಯ ಗಾಡಿಯದು, ಅಂದರೆ ಹಳೆಯ ಫಿಯೆಟ್ ಕಾರಿನ ಕಿಟಕಿಯ ದಡಿಯದು. ಕಾರಿನ ಗಾಜು ಬಾಗಿಲೊಳಗೆ ಇಳಿಯುವ ಸಂದಿಯ ಉದ್ದಕ್ಕೂ ಹೊರಗಡೆ ಒಂದು ಪಟ್ಟಿ ಇರುತ್ತದಲ್ಲ, ಮೇಲೆ ಹೊಳೆಯುವ ತಗಡು, ಅದರ ಅಡಿಯಿಂದ ಗಾಜಿಗೆ ಒತ್ತಿಕೊಂಡ ಕರಿಯ ರಬ್ಬರು, ಅದು. ಗ್ಯಾರೇಜಿನವರು ಬೀಡಿಂಗ್ ಎನ್ನುತ್ತಾರೆ, ಪಟ್ಟಿ ಎನ್ನುತ್ತಾರೆ. ದಡಿ ಎಂದವಳು ನಾನು. ಮನೆಯಲ್ಲಿ ಈಗ ಎಲ್ಲರೂ ಹಾಗೆಯೇ ಅನ್ನುತ್ತಾರೆ.

ನಿಜ ಹೇಳುತ್ತೇನೆ, ಆ ಪಟ್ಟಿ ಅಲ್ಲಿದೆ ಎಂಬುದೇ ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮ್ಮ ಮಾವನವರಿಗೆ. 1993ರಲ್ಲಿ ಕಾರು ತಂದವರು ಅವರು. ಆಗಿನ್ನೂ ಬಾಗಲಕೋಟೆ ಜಿಲ್ಲೆ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ಹೀಗಾಗಿ ನಮ್ಮ ಗಾಡಿಯ ನಂಬರು ಇಂದಿಗೂ ಬಿಜಾಪುರದ ಕೆಎ 28. ಕಾಗದದ ಮೇಲೆ ಅದರ ಹೆಸರು ಪ್ರೀಮಿಯರ್ ಪದ್ಮಿನಿ, ಹುಟ್ಟಿದ್ದು ಮುಂಬಯಿಯ ಕುರ್ಲಾದಲ್ಲಿ. ಆದರೆ ನಮ್ಮ ಕಡೆ ಅದನ್ನು ಪದ್ಮಿನಿ ಎಂದು ಕರೆದವರನ್ನು ನಾನು ಕಂಡಿಲ್ಲ, ಎಲ್ಲರ ಬಾಯಲ್ಲೂ ಫಿಯೆಟ್. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲಿ. ಮುಂದೆ ಒಂದೇ ಉದ್ದನೆಯ ಬೆಂಚಿನಂಥ ಸೀಟು. ಆ ಹೊತ್ತಿಗೆ ಮಾರುತಿ ಬಂದು 10 ವರ್ಷವಾಗಿತ್ತು, "ಮಾರುತಿ ತಗೋಬೇಕಾಗಿತ್ರೀ" ಎಂದು ಓಣಿಯವರೆಲ್ಲ ಹೇಳಿದರು. "ಅದು ಡಬ್ಬಿ, ಇದು ಗಾಡಿ" ಎಂದು ಮಾವನವರು ಮಾತು ಮುಗಿಸಿದ್ದರು. ಪ್ರತಿ ಭಾನುವಾರ ಹಳೆಯ ಧೋತರದ ಚೂರಿಗೆ ಬ್ರಾಸೊ ಹಚ್ಚಿಕೊಂಡು ಆ ಪಟ್ಟಿಗಳನ್ನು ತಿಕ್ಕುತ್ತಿದ್ದರು. ಅತ್ತೆಯವರು ಒಳಗಿನಿಂದ, "ದೇವರ ಮನಿ ಸಮೆ ಹಿಂಗ ಒಂದ್ ದಿನಾ ತಿಕ್ಕಲಿಲ್ಲ" ಎನ್ನುವರು.

ಮಾವನವರು ಹೋದ ಮೇಲೆ ತಿಕ್ಕುವವರು ಇಲ್ಲವಾದರು. ನಮ್ಮ ಮನೆಯವರಿಗೆ ಗಾಡಿಯ ಮೇಲೆ ಮಮತೆ ಬೆಟ್ಟದಷ್ಟು, ಕೆಲಸ ಮಾತ್ರ ಬೇಡ. ಅವರ ಕಣ್ಣಿಗೆ ಪೊರೆ ಬಂದಾಗ ನಾನು ಓಡಿಸಲು ಕಲಿತೆ. ಹೀಗೆ ಗಾಡಿ ನನ್ನ ಕೈಗೆ ಬಂತು, ಅದರ ದಡಿಯೂ ಬಂತು.

ಇಳಕಲ್ಲಿನ ಬಿಸಿಲು ನಿಮಗೆ ಗೊತ್ತು. ಮೇ ತಿಂಗಳಲ್ಲಿ 40 ಡಿಗ್ರಿಯ ಆಸುಪಾಸು. ಅದರ ಜೊತೆಗೆ ಗ್ರಾನೈಟಿನ ಧೂಳು. ನಮ್ಮ ಕೆಂಪು ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ, ಅದನ್ನು ಕೊಯ್ದ ಧೂಳು ನಮ್ಮಲ್ಲಿಯೇ ಉಳಿಯುತ್ತದೆ. ರಬ್ಬರು ಮೊದಲು ಹೊಳಪು ಕಳೆದುಕೊಂಡಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಬೇಸಿಗೆಯ ಹೊಲದಂತೆ ಬಿರಿಯಿತು. ಕೂದಲಿಗೆ ಹಚ್ಚಿದರೆ ಮೆತ್ತಗಾಗುತ್ತದಲ್ಲ ಎಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ದಿನ ಮದುಮಗಳಂತೆ ಮಿರಿಮಿರಿ ಮಿಂಚಿತು. ವಾರದೊಳಗೆ ಉಬ್ಬಿ, ಧೂಳು ಹಿಡಿದು ಗೊಜ್ಜಾಯಿತು. ಮೇಲೆ ಕರಿಯ ಟೇಪು ಅಂಟಿಸಿದೆ. ಟೇಪು ಬಿಸಿಲಿಗೆ ಕಿತ್ತು ಬಂತು, ಎಂ-ಸೀಲ್ ಮೆತ್ತಿದೆ. ಮಳೆ ಬಂದಾಗ ಸಂದಿಗೆ ಅರಿವೆ ತುರುಕುತ್ತಿದ್ದೆ. ಪ್ರತಿ ವರ್ಷವೂ "ಮುಂದಿನ ಮಳೆಗಾಲದೊಳಗ ಮಾಡಿಸಿದರಾತು." ಹೀಗೆ ಮೂರು ಮಳೆಗಾಲ ಕಳೆದವು.

ನಾಲ್ಕನೆಯದು 2022ರದು. ಸೆಪ್ಟೆಂಬರು. ಬಾದಾಮಿಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಮದುವೆ ಗೊತ್ತಾಗಿತ್ತು, ಬೀಗರಿಗೆ ಕೊಡಲು ಸೀರೆ ಬೇಕಾಗಿದ್ದವು. ನಮ್ಮ ಹಿಂದಿನ ಓಣಿಯಲ್ಲಿ ಕುಣಿ ಮಗ್ಗ ಇಟ್ಟುಕೊಂಡ ಹೆಣ್ಣುಮಗಳೊಬ್ಬಳಿದ್ದಾಳೆ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ತಂಗಿ ಎಂದೇ ಕರೆಯುತ್ತೇನೆ. ದಿನವೂ ಸಾಹುಕಾರರ ನೂಲಿನಲ್ಲಿ ನೇಯ್ದು ಕೂಲಿ ತೆಗೆದುಕೊಳ್ಳುವವಳು, ಆ ವರ್ಷ ಮಗಳ ಕಾಲೇಜಿನ ಫೀಜಿಗೆಂದು ಸ್ವಂತ ನೂಲು ತಂದು ಏಳು ಸೀರೆ ನೇಯ್ದಿದ್ದಳು. ತೋಪು ತೆನಿ ಸೆರಗಿನವು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವ ಕೆಲಸ ಅದು. ಕಣ್ಣು ನೋಯುತ್ತದೆ, ಕತ್ತು ನೋಯುತ್ತದೆ. ಏಳು ಸೀರೆ ಎಂದರೆ ತಿಂಗಳು ದಾಟಿದ ದುಡಿಮೆ. "ಅಕ್ಕಾರ, ನೀವು ಒಯ್ದು ತೋರಸ್ರಿ, ಬೇಕಾದವು ತಗೊಳ್ಳಿ, ಉಳಿದವು ತರ್ರಿ" ಎಂದು ಹಳೆಯ ಧೋತರದಲ್ಲಿ ಗಂಟು ಕಟ್ಟಿ ಕೊಟ್ಟಳು. ಮುಂದಿನ ಸೀಟಿನ ಮೇಲೆ, ಎಡಗಡೆಯ ಬಾಗಿಲಿಗೆ ಆನಿಸಿ ಇಟ್ಟುಕೊಂಡೆ. ನಮ್ಮ ಮನೆಯವರು ಹಿಂದೆ ಕುಳಿತರು, ಹುನಗುಂದ ದಾಟುವುದರೊಳಗೆ ನಿದ್ದೆ ಹೋದರು.

ಅಮೀನಗಡದ ಹತ್ತಿರ ಮಳೆ ಹಿಡಿಯಿತು. ಎಡಗಡೆಯಿಂದ ಗಾಳಿ. ವೈಪರ್ ಎಷ್ಟು ಹೊಡೆದುಕೊಂಡರೂ ರಸ್ತೆ ಕಾಣದು. ಈ ವೈಪರಿಗೆ 1903ರಲ್ಲೇ ಪೇಟೆಂಟ್ ಪಡೆದವಳು ಅಮೆರಿಕದ ಮೇರಿ ಆಂಡರ್ಸನ್ ಎಂಬ ಹೆಂಗಸು. ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕ ಹಿಮದಲ್ಲಿ ಒದ್ದಾಡುವುದನ್ನು ಕಂಡು ಅವಳಿಗೆ ಹೊಳೆದದ್ದಂತೆ. ಮುಂದಿನ ಗಾಜು ಒರೆಸುವುದನ್ನು ಅವಳು ಹೇಳಿಕೊಟ್ಟಳು, ಪಕ್ಕದ ಗಾಜಿನ ಸಂದಿಯನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆ ದಿನ ಅರಿವೆ ತುರುಕುವುದನ್ನೂ ಮರೆತಿದ್ದೆ. ಗಾಜಿನ ಒಳಮೈ ಒಣಗಿಯೇ ಇತ್ತು, ಹೀಗಾಗಿ ನೀರು ಒಳಗೆ ಬರುತ್ತಿಲ್ಲ ಎಂದೇ ತಿಳಿದೆ. ಬಾದಾಮಿಯಲ್ಲಿ ಗಂಟು ಎತ್ತಿದಾಗ ಅದು ಮಿಂದ ಕೂಸಿನ ಹಾಗೆ ಭಾರವಾಗಿತ್ತು.

ಬಿಚ್ಚಿ ನೋಡುವುದಕ್ಕೂ ಧೈರ್ಯ ಸಾಲಲಿಲ್ಲ, ನಾದಿನಿಯೇ ಬಿಚ್ಚಿದಳು. ನಾಲ್ಕು ಸೀರೆಗಳಲ್ಲಿ ಸೆರಗಿನ ಕೆಂಪು ಬಿಟ್ಟು ಬಿಳಿಯ ತೆನೆಗಳಿಗೆಲ್ಲ ಹತ್ತಿತ್ತು. ಅರಿಸಿನ ನೀರಿಗೆ ಸುಣ್ಣ ಬಿದ್ದ ಬಣ್ಣ. ಹೊಸ ಸೀರೆಯನ್ನು ಮೊದಲು ಉಪ್ಪಿನ ನೀರಿನಲ್ಲಿ ಬೇರೆಯಾಗಿ ನೆನೆಸಬೇಕು ಎಂದು ಊರಿಗೆಲ್ಲ ಹೇಳುತ್ತ ಬಂದವಳು ನಾನು.

ತಂಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏಳನ್ನೂ ಎಣಿಸಿದಳು, ನಾಲ್ಕನ್ನು ಬೇರೆ ಇಟ್ಟಳು, "ಇವು ಅಂಗಡಿಗೆ ಹೋಗಂಗಿಲ್ಲರಿ" ಎಂದಳು. ನಾನು ನಾಲ್ಕರ ದುಡ್ಡು ಪೂರ್ತಿ ಕೊಟ್ಟೆ, 11,200 ರೂಪಾಯಿ. ಮೊದಲು ಬೇಡವೆಂದಳು, ಆಮೇಲೆ ತೆಗೆದುಕೊಂಡಳು. ಫೀಜು ಕಟ್ಟುವುದು ನಿಲ್ಲುತ್ತದೆಯೇ? ಆದರೆ ಅದಾದ ಮೇಲೆ ನನ್ನ ಕೈಗೆ ಸೀರೆ ಕೊಡುವುದನ್ನು ನಿಲ್ಲಿಸಿದಳು. ಕೇಳಿದರೆ, "ಸದ್ಯಕ್ಕ ಯಾವೂ ಇಲ್ಲರಿ ಅಕ್ಕಾರ" ಎನ್ನುವಳು. ಮಗ್ಗದ ಸದ್ದು ನನಗೆ ಅಡುಗೆಮನೆಯಲ್ಲಿ ಕೇಳುತ್ತಿತ್ತು.

ಆ ಚಳಿಗಾಲ ಮನೆಯಲ್ಲಿ ಗಾಡಿಯದೇ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ನಮ್ಮದು 2023ರ ಜೂನಿಗೆ ಮುಗಿಯುತ್ತಿತ್ತು. 2022ರ ಏಪ್ರಿಲಿನಿಂದ ಅದರ ಶುಲ್ಕ 600ರಿಂದ 5000 ರೂಪಾಯಿಗೆ ಏರಿತ್ತು. ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅವ್ವಾ, ಗುಜರಿಗೆ ಕೊಟ್ಟು ಬಿಡು, ಆ ರೊಕ್ಕಕ್ಕ ಇನ್ನಷ್ಟು ಹಾಕಿ ಬ್ಯಾರೆ ತಗೊಳ್ಳೂಣು" ಎಂದ. ಅವನ ಮಾತು ತಪ್ಪಲ್ಲ. ಪದ್ಮಿನಿ ಕಾರುಗಳು ತಯಾರಾಗುವುದು ನಿಂತು ಎರಡು ದಶಕವಾಗಿತ್ತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿಗೆ 20 ವರ್ಷದ ಗಡುವು ಮುಗಿದು ರಸ್ತೆ ಬಿಡುವುದರಲ್ಲಿದ್ದವು. ಆದರೆ ನನಗೆ ಗಾಡಿ ಗುಜರಿಗೆ ಹೋದರೆ ನನ್ನ ತಪ್ಪೂ ಗುಜರಿಗೆ ಹೋಗುತ್ತದೆ ಎನ್ನಿಸಲಿಲ್ಲ. ಫೆಬ್ರುವರಿಯಲ್ಲಿ ಗ್ಯಾರೇಜಿಗೆ ಒಯ್ದೆ.

ಗ್ಯಾರೇಜಿನ ಹುಡುಗ ನನ್ನ ಕೈಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು. ಹುಡುಗ ಎಂದೆ, ಅವನಿಗೂ ಈಗ ತಲೆ ನೆರೆತಿದೆ. ರಬ್ಬರನ್ನು ಉಗುರಿನಿಂದ ಒತ್ತಿದ, ಟಪ್ಪೆಂದು ಮುರಿಯಿತು. "ಅಕ್ಕಾರ, ಇದು ರಬ್ಬರಲ್ಲ, ಹಪ್ಪಳ." ಆಮೇಲೆ ಒಂದು ತಂಬಿಗೆ ನೀರನ್ನು ಗಾಜಿನ ಮೇಲೆ ಸಣ್ಣಗೆ ಸುರಿದು, ಬಾಗಿಲ ಕೆಳಗೆ ಬಗ್ಗಿ ನೋಡಿದ. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ನಾನು ಸಂತೋಷಪಟ್ಟೆ. ಅವನು ತಲೆ ಅಲ್ಲಾಡಿಸಿದ. "ನೀರು ಒಳಗ ಹೋಗೂದು ತಪ್ಪಲ್ಲರಿ. ಹೊರಗ ಬರದ ಇರೂದು ತಪ್ಪು."

ಆಗ ನನಗೆ ತಿಳಿದ ಸಂಗತಿ ಇದು. ಕಾರಿನ ಬಾಗಿಲು ಒಳಗೆ ಪೊಳ್ಳು. ಹೊಸ ಗಾಡಿಯಲ್ಲೂ ದಡಿಯನ್ನು ದಾಟಿ ಅಷ್ಟಿಷ್ಟು ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಹರಿದು ಹೋಗಲೆಂದು ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನೀರು ಕೂಡುವ ಕಡೆಗೆ ಬರದಂತೆ ಒಳಗಿನ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ನಮ್ಮ ಗಾಡಿಯಲ್ಲಿ ತೂತುಗಳು ಕಲ್ಲಿನ ಧೂಳಿನಿಂದ ಗಾರೆ ಹಾಕಿದಂತೆ ಮುಚ್ಚಿದ್ದವು, ಹಾಳೆಯನ್ನು ಎಂದೋ ಯಾರೋ ಹರಿದು ಎಸೆದಿದ್ದರು. ಅವನು ದಬ್ಬಣದಿಂದ ತೂತು ಬಿಡಿಸಿದಾಗ ಒಳಗಿಂದ ಕೆಂಪು ನೀರು ಸುರಿಯಿತು. ತುಕ್ಕಿನ ಕೆಂಪು. ನನಗೆ ಸೀರೆಯ ನೆನಪಾಗಿ ಮುಖ ತಿರುಗಿಸಿದೆ.

ಇನ್ನು ಮನೆಯವರ ವ್ಯವಹಾರ. ಪಟ್ಟಿಗಳನ್ನು ಪೂರ್ತಿ ತೆಗೆದು ಬೇರೆ ಗಾಡಿಯ ಕರಿಯ ರಬ್ಬರಿನವು ಹಾಕಿದರೆ ಕೆಲಸ ಸುಲಭ, ಖರ್ಚೂ ಕಡಿಮೆ ಎಂದು ಹುಡುಗ ಹೇಳಿದ. ಅವರು ಗ್ಯಾರೇಜಿನ ಸ್ಟೂಲಿನ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟರು. "ಅಪ್ಪಾ ತಿಕ್ಕಿದ ಪಟ್ಟಿ ಅದು. ತಗಿಯಾಕ ನಾ ಒಲ್ಲೆ." ಅಪ್ಪಾ ತಿಕ್ಕಿದ ಪಟ್ಟಿಯನ್ನು ಹದಿಮೂರು ವರ್ಷ ಮುಟ್ಟಿ ನೋಡದವರು ಇವರು ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಕಣ್ಣಲ್ಲಿ ನೀರಿತ್ತು. ಪೊರೆಯದೂ ಇರಬಹುದು.

ಕೊನೆಗೆ ಒಪ್ಪಂದವಾಯಿತು: ಹೊಳೆಯುವ ತಗಡು ಉಳಿಸುವುದು, ಅಡಿಯ ರಬ್ಬರು ಬದಲಿಸುವುದು. ಹುಡುಗ ಪೇಂಟಿಗೆ ಗೀರು ಬೀಳಬಾರದೆಂದು ಸ್ಕ್ರೂಡ್ರೈವರ್ ಬಿಟ್ಟು, ಬಿದಿರಿನ ಚಪ್ಪಟೆ ಕಡ್ಡಿಗೆ ಅರಿವೆ ಸುತ್ತಿ ಪಟ್ಟಿಗಳನ್ನು ಮೆಲ್ಲಗೆ ಎಬ್ಬಿಸಿದ. ಮೂರು ಸರಿಯಾಗಿ ಬಂದವು. ನಾಲ್ಕನೆಯದು, ಅದೇ ಎಡಗಡೆಯ ಮುಂದಿನದು, ಕೈಯಲ್ಲೇ ಎರಡಾಯಿತು. ಅದರಡಿಯ ತಗಡಿನಲ್ಲಿ ಕ್ಲಿಪ್ಪು ಕೂಡುವ ಜಾಗವೇ ಇರಲಿಲ್ಲ, ತುಕ್ಕು ತಿಂದಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿ, ಗಟ್ಟಿ ತಗಡು ಸಿಗುವವರೆಗೆ ಕೆರೆದು, ತೇಪೆ ಹಾಕಿ, ರೆಡ್ ಆಕ್ಸೈಡ್ ಬಳಿದು ಎರಡು ದಿನ ಒಣಗಲು ಬಿಟ್ಟ. ಈ ಎರಡು ದಿನದ ಕೆಲಸವನ್ನು ಬಿಟ್ಟು ಮೇಲೆ ಹೊಸ ಪಟ್ಟಿ ಬಡಿದು ಕಳಿಸುವವರೂ ಇದ್ದಾರೆ. ಹೊರಗೆ ಚಂದ ಕಾಣುತ್ತದೆ, ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಗಾಡಿ ಬಿಟ್ಟು ಬಂದರೂ ಪಟ್ಟಿ ತೆಗೆದ ಮೇಲೆ ಒಮ್ಮೆ ಹೋಗಿ ಅಡಿಯ ತಗಡನ್ನು ನೀವೇ ನೋಡಿ ಬನ್ನಿ.

ರಬ್ಬರು ಹುಬ್ಬಳ್ಳಿಯಿಂದ ತರಿಸಿದ್ದು ದಪ್ಪವಾಯಿತು. ಗಾಜು ಏರಿಸುವ ಹಿಡಿಕೆ ತಿರುಗಿಸಲು ನಮ್ಮಿಬ್ಬರ ಕೈಯೂ ಸಾಲಲಿಲ್ಲ. ರಬ್ಬರಿನ ತುಟಿ ಗಾಜಿಗೆ ತಾಗಬೇಕು, ತಬ್ಬಬಾರದು. ವಾಪಸು ಕಳಿಸಿದೆವು. ಮಗ ಗೊಣಗುತ್ತಲೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ಸರಿಯಾದ ರಬ್ಬರನ್ನೂ, ಯಾವುದೋ ಅಂಗಡಿಯ ಅಟ್ಟದ ಮೇಲೆ ಉಳಿದಿದ್ದ ಒಂದೇ ಒಂದು ಹೊಳೆಯುವ ಪಟ್ಟಿಯನ್ನೂ ಹುಡುಕಿ ಕಳಿಸಿದ. ಈ ರಬ್ಬರು ಇ.ಪಿ.ಡಿ.ಎಂ. ಎಂಬ ಜಾತಿಯದು. ಮರದ ಹಾಲಿನ ರಬ್ಬರನ್ನು ಬಿಸಿಲಷ್ಟೇ ಅಲ್ಲ, ಗಾಳಿಯಲ್ಲಿರುವ ಓಜೋನೂ ಸೀಳುತ್ತದಂತೆ. ಇದು ಎರಡನ್ನೂ ತಾಳುತ್ತದೆ. "ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ ಅಕ್ಕಾರ. ಎಣ್ಣಿ, ಗ್ರೀಸು, ಸೀಮೆಎಣ್ಣಿ, ಯಾವುದೂ ಬ್ಯಾಡ. ಸಾಬೂನಿನ ನೀರಿಲೆ ಒರಸ್ರಿ, ಬೇಕಂದ್ರ ಸಿಲಿಕೋನ್ ಸ್ಪ್ರೇ ಹೊಡೀರಿ." ಕೊಬ್ಬರಿ ಎಣ್ಣೆಯ ವಿಷಯ ಅವನಿಗೆ ಹೇಗೆ ತಿಳಿಯಿತೋ.

ಕತ್ತರಿಸುವಾಗ ನಾನು ಅಳತೆಗೆ ಸರಿಯಾಗಿ, ಸ್ವಲ್ಪ ಎಳೆದು ಹಿಡಿದು ಗುರುತು ಹಾಕಿದೆ. ಅವನು ಬೇಡವೆಂದ. ಎಳೆದು ಕೂಡಿಸಿದ ರಬ್ಬರು ನಾಲ್ಕು ದಿನಕ್ಕೆ ತನ್ನ ಅಳತೆಗೆ ಮರಳುತ್ತದೆ, ಮೂಲೆಯಲ್ಲಿ ಸಂದಿ ಬೀಳುತ್ತದೆ. ಅರ್ಧ ಇಂಚು ಹೆಚ್ಚೇ ಇಟ್ಟು ಒತ್ತಿ ಕೂಡಿಸಬೇಕು. ನಾನು ಸುಮ್ಮನಾದೆ. ಸೀರೆಗೆ ಫಾಲು ಹೊಲಿಯುವವರಿಗೆ ಇದನ್ನು ಹೇಳಿಕೊಡಬೇಕೇ? ನೆನೆಸದೆ, ಎಳೆದು ಹೊಲಿದ ಫಾಲು ಮೊದಲ ಒಗೆತಕ್ಕೇ ದಡಿಯನ್ನು ಮುದುಡಿಸಿಬಿಡುತ್ತದೆ.

ಬಾಗಿಲಿನ ಕೆಲಸ ಮುಗಿಯುವಾಗ ಹಿಂದಿನ ದೊಡ್ಡ ಗಾಜಿನ ರಬ್ಬರೂ ಹಪ್ಪಳವೇ ಎಂದು ಕಂಡಿತು. ಅದನ್ನು ಕೂಡಿಸುವ ರೀತಿ ಬೇರೆ. ಗಾಜಿನ ಸುತ್ತ ರಬ್ಬರು ತೊಡಿಸಿ, ರಬ್ಬರಿನ ಗಾಡಿಯಲ್ಲಿ ಉದ್ದಕ್ಕೂ ಒಂದು ಹುರಿ ಹುದುಗಿಸಿ, ಸಾಬೂನು ನೀರು ಹಚ್ಚಿ, ಗಾಜನ್ನು ಹೊರಗಿನಿಂದ ಕಿಂಡಿಗೆ ಒತ್ತಿ ಹಿಡಿಯಬೇಕು. ಒಳಗೆ ಕುಳಿತವರು ಹುರಿಯ ತುದಿಯನ್ನು ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಕೂಡುತ್ತದೆ. ತೆಳ್ಳಗಿನ ಗಟ್ಟಿ ಹುರಿ ಬೇಕೆಂದ ಹುಡುಗ. ಅಂಥ ಹುರಿ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಹೋಗಲು ಮನಸ್ಸು ಹಿಂಜರಿಯಿತು, ಆದರೂ ಹೋದೆ.

ತಂಗಿ ಮಗ್ಗದ ಕುಣಿಯಲ್ಲೇ ಕುಳಿತು ಕೇಳಿದಳು, "ಹುರಿ ಯಾತಕ್ಕರಿ?" ಹೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಎದ್ದು, ಗೂಟಕ್ಕೆ ಸುತ್ತಿದ್ದ ಹುರಿಯನ್ನು ತೆಗೆದುಕೊಂಡು ತಾನೇ ನನ್ನ ಹಿಂದೆ ಬಂದಳು. ಗ್ಯಾರೇಜಿನಲ್ಲಿ ಮೊದಲು ನಾನು ಎಳೆದೆ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ, ರಬ್ಬರು ಮಡಚಿಕೊಂಡಿತು. "ಸರೀರಿ" ಎಂದು ಆಕೆ ಒಳಗೆ ಕುಳಿತಳು. ದಿನವಿಡೀ ಮಗ್ಗದ ಹುರಿ ಎಳೆಯುವ ಕೈ ಅದು. ಒಂದೇ ಹದ, ಒಂದೇ ವೇಗ. ಹೊರಗಿನಿಂದ ಹುಡುಗ ಅಂಗೈಯಿಂದ ತಟ್ಟುತ್ತ ಹೋದ. ಮೂಲೆಗಳಲ್ಲಿ ಮಾತ್ರ ಕ್ಷಣ ನಿಂತು, ಗಾಜು ಸುತ್ತಿ ಬಂದು ಹುರಿ ಆಕೆಯ ಮಡಿಲಿಗೆ ಬಿತ್ತು. ಹುಡುಗ, "ಇವರನ್ನ ಕೆಲಸಕ್ಕ ಇಟಗೋತೀನ್ರಿ ಅಕ್ಕಾರ" ಎಂದ. ಆಕೆ ನಗಲಿಲ್ಲ, ಹುರಿಯನ್ನು ಒರೆಸಿ, ಸುತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಜೂನಿನಲ್ಲಿ ಬಾಗಲಕೋಟೆಗೆ ಹೋಗಿ ತಪಾಸಣೆ ಮುಗಿಸಿ ಬಂದೆವು. ಗಾಡಿಗೆ ಇನ್ನೈದು ವರ್ಷ. ಆದರೆ ದಡಿಯ ಪರೀಕ್ಷೆ ಮಾಡುವುದು ಹೇಗೆ? 2023 ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ. ಜೀವಮಾನವೆಲ್ಲ ಮಳೆಗೆ ಹೆದರಿದ ಗಾಡಿ ಮಳೆಗಾಗಿ ಕಾಯ್ದು ನಿಂತಿತು. ಕುಡಿಯುವ ನೀರಿಗೇ ತತ್ವಾರವಿರುವಾಗ ಗಾಡಿಯ ಮೇಲೆ ಕೊಡಪಾನ ಸುರಿದರೆ ಓಣಿಯವರು ಏನೆಂದಾರು? ಪಾತ್ರೆ ತೊಳೆದ ನೀರನ್ನು ಕತ್ತಲಾದ ಮೇಲೆ ಸುರಿದು, ಬ್ಯಾಟರಿ ಹಿಡಿದು ಬಾಗಿಲ ಕೆಳಗೆ ಬಗ್ಗಿ ನೋಡುತ್ತಿದ್ದೆ. ತೂತಿನಿಂದ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಭಾನುವಾರಗಳಲ್ಲಿ ನಮ್ಮ ಮನೆಯವರು ಈಗ ಅರಿವೆ ಹಿಡಿಯುತ್ತಾರೆ. ಮೂರು ಹಳೆಯ ಪಟ್ಟಿಗಳನ್ನು ತಿಕ್ಕುತ್ತಾರೆ, ಹೊಸದನ್ನು ಮುಟ್ಟುವುದಿಲ್ಲ. ಅದನ್ನು ನಾನು ಒರೆಸುತ್ತೇನೆ.

ಕಲೆ ಬಿದ್ದ ನಾಲ್ಕು ಸೀರೆಗಳನ್ನು ನಾನೇ ಉಡುತ್ತೇನೆ. ಸೆರಗಿನ ತೆನೆ ಗುಲಾಬಿಯಾಗಿದೆ. ಇದು ಯಾವ ಹೊಸ ನಮೂನೆಯೆಂದು ಇಬ್ಬರು ಮೂವರು ಕೇಳಿದ್ದೂ ಉಂಟು.

ಮರುವರ್ಷ, 2024ರ ಮಳೆಗಾಲದಲ್ಲಿ, ತಂಗಿ ಬಾಗಿಲಿಗೆ ಬಂದು ನಿಂತಳು. ಬಾದಾಮಿಯಲ್ಲಿ ಯಾರೋ ಐದು ಸೀರೆ ಕೇಳಿದ್ದಾರೆ, ನೀವು ಆ ಕಡೆ ಹೋಗುವವರಿದ್ದರೆ ನಾನೂ ಬರುತ್ತೇನೆ ಎಂದಳು. ಗಂಟನ್ನು ನನ್ನ ಕೈಗೆ ಕೊಡಲಿಲ್ಲ. ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು, ಗಂಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಳು. ಹುನಗುಂದ ದಾಟುತ್ತಲೇ ಮೋಡ ಕವಿಯಿತು. ಮಳೆ ಬಂತು, ಎಡಗಡೆಯಿಂದಲೇ. ನಾನು ರಸ್ತೆ ನೋಡುತ್ತಿದ್ದೇನೆ ಎಂದುಕೊಂಡು ಆಕೆ ಒಂದು ಕೈ ಬಿಡಿಸಿ, ಗಾಜಿನ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು, ನೇಯ್ದ ದಡಿಯಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವ ಹಾಗೆ. ಆಮೇಲೆ ಬಾಗಿಲ ಹಲಗೆಗೆ ಅಂಗೈ ಒತ್ತಿ ತಿರುಗಿಸಿ ನೋಡಿದಳು. ಏನೂ ಅನ್ನಲಿಲ್ಲ.

ಅಮೀನಗಡದಲ್ಲಿ ಮಳೆ ಸ್ವಲ್ಪ ಸಣ್ಣದಾಯಿತು. "ಕರದಂಟು ತಗೊಂಡ್ ಬರ್ತೀನ್ರಿ ಅಕ್ಕಾರ, ನೀವು ಇಳೀಬ್ಯಾಡ್ರಿ" ಎಂದು ಸೆರಗು ತಲೆಯ ಮೇಲೆ ಹೊದ್ದುಕೊಂಡು ಇಳಿದು ಅಂಗಡಿಯ ಕಡೆಗೆ ಓಡಿದಳು. ಗಂಟು ಸೀಟಿನ ಮೇಲಿತ್ತು, ಎಡಗಡೆಯ ಬಾಗಿಲಿಗೆ ಆನಿಸಿ. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕೈ ಚಾಚಿ ಅದನ್ನು ನಾಲ್ಕು ಬೆರಳಿನಷ್ಟು ನನ್ನ ಕಡೆಗೆ ಸರಿಸಿಕೊಂಡೆ.